ಬೆಣೆ ಹಿಡಿದವನು

ಲಾರಿಯ ನಾಲ್ಕು ಚಕ್ರಕ್ಕೂ ಗಟ್ಟಿ ಬ್ರೇಕಿದೆ ಎಂದು ಹುಬ್ಬಳ್ಳಿಯ ಏಜೆಂಟರು ಕಾಗದದಲ್ಲಿ ಬರೆದುಕೊಟ್ಟಿದ್ದರು. ಕಾಗದಕ್ಕೇನು, ಬರೆದದ್ದನ್ನೆಲ್ಲ ಹೊರುತ್ತದೆ. ದೇವಿಮನೆ ಘಟ್ಟದಲ್ಲಿ ಆ ಲಾರಿಯನ್ನು ನಿಲ್ಲಿಸುತ್ತಿದ್ದವನು ಮಾಸ್ತಿ.

ಮಾಸ್ತಿಯ ಕೆಲಸಕ್ಕೆ ಹೆಸರಿರಲಿಲ್ಲ. ಡ್ರೈವರ್ ಎಂದರೆ ಹಯಾತ್ ಸಾಬರು. ಮಾಲೀಕರೆಂದರೆ ಶಿರಸಿಯ ವೆಂಕಟ್ರಮಣ ಹೆಗಡೇರು. ಮಾಸ್ತಿ ಬರೀ ಮಾಸ್ತಿ. ಲಾರಿಯ ಹಿಂದೆ ಅಡಿಕೆ ಮೂಟೆಗಳ ಮೇಲೆ ಹಗ್ಗ ಹಿಡಿದು ಕೂರುತ್ತಿದ್ದ. ಮುಂದಿನ ಸೀಟಿನಲ್ಲಿ ಜಾಗ ಖಾಲಿ ಇದ್ದರೂ ಅದು ಅವನಿಗಲ್ಲ. ಅವನ ಕೇರಿಯವರು ಅಲ್ಲಿ ಕೂತರೆ ಹೆಗಡೇರು ಆ ಸೀಟಿಗೆ ನೀರು ಹಾಕಿಸಬೇಕಾಗುತ್ತಿತ್ತು.

ಘಟ್ಟದ ತಲೆ ಬಂತೆಂದರೆ ಮಾಸ್ತಿ ಇಳಿಯಬೇಕು. ಮತ್ತಿಮರದ ಬೆಣೆಯನ್ನು ಹೆಗಲಿಗೇರಿಸಬೇಕು. ಮುಕ್ಕಾಲು ಮಣ ತೂಕ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಹಿಡಿಯಲು ತೆಂಗಿನ ನಾರಿನ ಹಗ್ಗ. ಲಾರಿ ಇಳಿಯುವಷ್ಟು ಹೊತ್ತೂ ಹಿಂದಿನ ಎಡ ಚಕ್ರದ ಪಕ್ಕದಲ್ಲೇ ಓಡಬೇಕು. ಹಯಾತ್ ಸಾಬರು ಹಾರ್ನನ್ನು ಎರಡು ಸಲ ಒತ್ತಿದರೆ ಬ್ರೇಕು ಹಿಡಿಯುತ್ತಿಲ್ಲ ಎಂದು ಅರ್ಥ. ಆಗ ಚಕ್ರದ ಮುಂದೆ ಬೆಣೆ ಎಸೆದು ಕೈ ಎಳೆದುಕೊಳ್ಳಬೇಕು. ಕೈ ಎಳೆಯುವುದು ತಡವಾದರೆ ಏನಾಗುತ್ತದೆ ಎನ್ನುವುದಕ್ಕೆ ಮಾಸ್ತಿಯ ಎಡಗೈ ನೋಡಿದರೆ ಸಾಕು. ಅದರಲ್ಲಿ ಮೂರೇ ಬೆರಳು.

ಲಾರಿ ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ಬ್ರೇಕು ಆರುವ ತನಕ ಕಾಯಬೇಕು. ಸಾಬರು ಲಾರಿಯನ್ನು ಒಂದು ಗೇಣು ಹಿಂದಕ್ಕೆ ತೆಗೆದಾಗ ಟಯರಿನ ಅಡಿಯಿಂದ ಬೆಣೆಯನ್ನು ಬರಿಗೈಯಲ್ಲಿ ಕೀಳಬೇಕು. ಮತ್ತೆ ಓಟ. ಕೆಳಗೆ ಮುಟ್ಟುವ ಹೊತ್ತಿಗೆ ಬಾಯಲ್ಲಿ ಉಗುಳಿರುತ್ತಿರಲಿಲ್ಲ. ಕತಗಾಲದ ಚಾದಂಗಡಿಯಲ್ಲಿ ಹೆಗಡೇರಿಗೆ ಒಳಗೆ ಲೋಟ, ಹಯಾತ್ ಸಾಬರಿಗೆ ಜಗುಲಿಯ ತುದಿಯಲ್ಲಿ ಬೇರೆ ಲೋಟ, ಮಾಸ್ತಿಗೆ ಹಿತ್ತಿಲಲ್ಲಿ ತೆಂಗಿನ ಗರಟೆ. ಘಟ್ಟ ಇಳಿಯುವಾಗ ಹೆಗಡೇರ ಮಾಲು, ಸಾಬರ ಜೀವ, ಮಾಸ್ತಿಯ ಜೀವ, ಎಲ್ಲ ಆ ಒಂದು ಬೆಣೆಯ ಮೇಲೆ. ಇಳಿದ ಮೇಲೆ ಮೂವರೂ ಮೂರು ದಿಕ್ಕು.

ಮೊದಲು ಹೀಗಿರಲಿಲ್ಲ. ಹೆಗಡೇರ ಹಳೇ ಲಾರಿಯನ್ನೂ ಹಯಾತ್ ಸಾಬರೇ ಓಡಿಸುತ್ತಿದ್ದರು. ಇದೇ ಘಟ್ಟ, ಇದೇ ಭಾರ. ಚಕ್ರದ ಒಳಗಿನ ಬ್ರೇಕಿನ ಪಟ್ಟಿ ಒಂದು ಸಲ ಹಾಕಿದರೆ ಹತ್ತು ತಿಂಗಳು ಬರುತ್ತಿತ್ತು. ಬೆಣೆಯ ಕೆಲಸ ವಾರಕ್ಕೊಂದು ಸಲ ಬಿದ್ದರೆ ಹೆಚ್ಚು. ದಸರೆ ಮುಗಿದ ಮೇಲೆ ಹೊಸ ಲಾರಿ ಬಂತು. ಹೂವಿನ ಮಾಲೆ, ಕುಂಕುಮ, ಒಂದು ವರ್ಷದ ಗ್ಯಾರಂಟಿ ಚೀಟಿ, ಎಲ್ಲದರ ಸಮೇತ ಬಂತು. ನಲವತ್ತನೇ ದಿನಕ್ಕೆ ಬ್ರೇಕಿನ ಪಟ್ಟಿ ಸವೆದು ಮೊಳೆ ಕಂಡಿತು.

ಹಯಾತ್ ಸಾಬರು ಚಕ್ರ ಬಿಚ್ಚಿ, ಪಟ್ಟಿಯ ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡಿದ್ದರು. "ಇದು ಅಸಲಿ ಮಾಲ್ ಅಲ್ಲ ಮಾಸ್ತಿ. ಯಾವುದೋ ರದ್ದೀ ಪಟ್ಟಿ ಹಾಕಿ ಕಳ್ಸಿದ್ದಾರೆ" ಎಂದಿದ್ದರು. ಹುಬ್ಬಳ್ಳಿಗೆ ಪತ್ರ ಹೋಯಿತು. ಏಜೆಂಟರು ಗೊಣಗಿಕೊಂಡು ಇನ್ನೊಂದು ಜೊತೆ ಕಳಿಸಿದರು. ಅದೂ ಅಂಥದ್ದೇ. ಅದು ತಿಂಗಳಿಗೆ ಸವೆಯಿತು. ಸವೆದದ್ದು ಗೊತ್ತಾದದ್ದು ಬಸರಿಮರದ ತಿರುವಿನಲ್ಲಿ.

ಆಗ ಬೆಣೆ ಹಿಡಿಯಲು ಇಬ್ಬರಿದ್ದರು. ಎಡಕ್ಕೆ ಮಾಸ್ತಿ, ಬಲಕ್ಕೆ ಅವನ ಹೆಂಡತಿಯ ಅಣ್ಣ ತಿಮ್ಮ. ಹಾರ್ನು ಎರಡು ಸಲ ಕೂಗಿತು. ಮಾಸ್ತಿ ಎಸೆದ ಬೆಣೆಯನ್ನು ಚಕ್ರ ಒದ್ದು ಪಕ್ಕಕ್ಕೆ ಹಾರಿಸಿತು. ಬಲಗಡೆ ತಿಮ್ಮ ಎಸೆಯಲಿಲ್ಲ. ಎಸೆದರೆ ನಿಲ್ಲುವ ವೇಗ ಅದಾಗಿರಲಿಲ್ಲ. ಬೆಣೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಚಕ್ರದ ಮುಂದೆ ಕೂತೇಬಿಟ್ಟ. ಲಾರಿ ನಿಂತಿತು. ಕಂದರಕ್ಕೆ ಒಂದು ಮಾರು ಉಳಿದಿತ್ತು. ಹಯಾತ್ ಸಾಬರು ಬದುಕಿದರು, ನೂರಿಪ್ಪತ್ತು ಮೂಟೆ ಅಡಿಕೆ ಬದುಕಿತು. ತಿಮ್ಮನನ್ನು ಚಕ್ರದ ಅಡಿಯಿಂದ ತೆಗೆಯಲು ಮಾಸ್ತಿಗೆ ಒಂದು ತಾಸು ಹಿಡಿಯಿತು.

ಪೊಲೀಸರು ಕಾಲು ಜಾರಿ ಸತ್ತ ಎಂದು ಬರೆದರು. ಹೆಗಡೇರು ತಿಮ್ಮನ ಹೆಂಡತಿ ಗಂಗೆಗೆ ಒಂದು ಮೂಟೆ ಭತ್ತ ಕಳಿಸಿದರು. ಲಾರಿ ಮಾರನೇ ದಿನವೇ ಕುಮಟೆಗೆ ಹೊರಟಿತು. ಬಲಗಡೆಗೆ ಬೇರೆ ಆಳು ಸಿಗಲಿಲ್ಲ. ಎರಡೂ ಕಡೆಗೆ ಮಾಸ್ತಿ ಒಬ್ಬನೇ ಎಂದಾಯಿತು.

ಅಂದಿನಿಂದ ಲಾರಿಯ ಹಿಂದೆ ಮರದ ದಿಮ್ಮಿ ಕಟ್ಟತೊಡಗಿದರು. ಅದು ಮಾಸ್ತಿಯ ಉಪಾಯ. ಬೆಣೆ ಹಿಡಿಯುವ ಮೊದಲು ಅವನು ಗಾಡಿ ಹೊಡೆಯುತ್ತಿದ್ದವನು. ಘಟ್ಟ ಇಳಿಯುವ ಎತ್ತಿನಗಾಡಿಗಳು ಹಿಂದುಗಡೆ ಒಂದು ದಿಮ್ಮಿ ಕಟ್ಟಿ ಎಳೆದುಕೊಂಡೇ ಇಳಿಯುತ್ತವೆ. ದಿಮ್ಮಿ ನೆಲಕ್ಕೆ ಉಜ್ಜಿ ಗಾಡಿಯನ್ನು ಹಿಡಿದಿಡುತ್ತದೆ, ಎತ್ತಿನ ಕೊರಳು ಉಳಿಯುತ್ತದೆ. ಅಪ್ಪ ಕಲಿಸಿದ್ದು, ಅಪ್ಪನಿಗೆ ಅವನಪ್ಪ ಕಲಿಸಿದ್ದು. ದಿಮ್ಮಿ ಕಟ್ಟದೆ ಘಟ್ಟಕ್ಕಿಳಿಯುವವನನ್ನು ಗಾಡಿಯವರು ಮನುಷ್ಯನೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಯಾತ್ ಸಾಬರು ಮೊದಲು ನಕ್ಕರು. ಆಮೇಲೆ ಸರಪಳಿಯನ್ನು ತಾವೇ ತಂದರು. ಹದಿನೈದು ದಿನ ದಿಮ್ಮಿ ಎಳೆದುಕೊಂಡು ಇಳಿದರು. ಹದಿನೈದು ದಿನದಲ್ಲಿ ಹಾರ್ನು ಎರಡು ಸಲ ಕೂಗಿದ್ದು ಬರೀ ಮೂರು ಬಾರಿ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ತಪಾಸಣೆಗೆ ಏಜೆಂಟರ ಮನುಷ್ಯ ಬಂದ. ಹೆಸರು ಅಂದಾನಪ್ಪ. ಖಾಕಿ ಚಡ್ಡಿ, ಕಾಲಿಗೆ ಬೂಟು, ಕಂಕುಳಲ್ಲಿ ಕಾಗದದ ಕಟ್ಟು. ಅವನು ಹೂಂ ಎಂದರೆ ಗ್ಯಾರಂಟಿಯಲ್ಲಿ ಹೊಸ ಬ್ರೇಕು, ಅದೂ ಅಸಲಿ ಮಾಲು. ಊಹೂಂ ಎಂದರೆ ಇಲ್ಲ. ಹೆಗಡೇರು ಕೈಯಿಂದ ಹಾಕಿಸುವವರಲ್ಲ. ವರ್ಷದ ಗ್ಯಾರಂಟಿ ಇರುವಾಗ ತಾನು ಯಾಕೆ ಖರ್ಚು ಮಾಡಲಿ ಎನ್ನುವುದು ಅವರ ಹಟ. ಹಟ ಅವರದು, ಓಟ ಮಾಸ್ತಿಯದು.

ಅಂದಾನಪ್ಪ ಖಾಲಿ ಲಾರಿಯನ್ನು ತಾನೇ ಓಡಿಸಿ ನೋಡಿದ. ಎಲ್ಲಿ? ಶಿರಸಿಯ ಪೇಟೆಯ ಬೀದಿಯಲ್ಲಿ. ಸಪಾಟು ನೆಲ. ಎತ್ತಿನಗಾಡಿಯಷ್ಟೇ ವೇಗ. ಬ್ರೇಕು ಒತ್ತಿದ, ಲಾರಿ ನಿಂತಿತು.

"ನೋಡ್ರಿ ಹೆಗಡೇರ, ಬ್ರೇಕ್ ಛಲೋ ಅದಾವು" ಎಂದ, ಕಾಗದದಲ್ಲೂ ಹಾಗೇ ಬರೆದುಕೊಂಡ.

"ಸಾಬ್, ಇಲ್ಲಿ ನಿಲ್ತದೆ. ಭಾರ ಹೇರಿ ದೇವಿಮನೆಗೆ ಬನ್ನಿ. ಅಲ್ಲಿ ಒತ್ತಿ ನೋಡಿ" ಎಂದರು ಹಯಾತ್ ಸಾಬರು.

"ಘಟ್ಟದಾಗ ಪರೀಕ್ಷಾ ಮಾಡ್ರಿ ಅಂತ ಎಲ್ಲೂ ಬರದಿಲ್ಲ."

ಚಕ್ರ ಬಿಚ್ಚಿ ತೋರಿಸಿದರು. ಪಟ್ಟಿ ಹಪ್ಪಳದಷ್ಟು ತೆಳುವಾಗಿತ್ತು. ಅಂದಾನಪ್ಪ ಬಗ್ಗಿ ನೋಡಿ, ಮುಖ ಸಿಂಡರಿಸಿ ಎದ್ದ. "ಪಟ್ಟಿದು ತಪ್ಪಲ್ರೀ. ಇಂವಾ ದಿನಾ ಬ್ರೇಕ್ ಮ್ಯಾಲೆ ಕಾಲಿಟಗೊಂಡ ಗಾಡಿ ಹೊಡೀತಾನ. ಡ್ರೈವರಂದು ತಪ್ಪು."

ಇಪ್ಪತ್ತು ವರ್ಷ ಲಾರಿ ಓಡಿಸಿದ ಹಯಾತ್ ಸಾಬರ ಮುಖ ಕಪ್ಪಿಟ್ಟಿತು. ಅದನ್ನು ಮಾಸ್ತಿಗೆ ನೋಡಲಾಗಲಿಲ್ಲ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಗೋದಾಮಿನ ಗೋಡೆಯ ಪಕ್ಕ ಕೂತವನು ಎದ್ದು ಮುಂದೆ ಬಂದ.

"ಅಲ್ಲ ಒಡ್ಯಾ. ಸಾಬ್ರು ಹಂಗೆ ಗಾಡಿ ಹೊಡೆಯೋರಲ್ಲ. ಬ್ರೇಕಿಗೆ ಭಾರ ಬೀಳೂದು ಬ್ಯಾಡ ಅಂತ ನಾವು ಹಿಂದೆ ದಿಮ್ಮಿ ಕಟ್ಕಂಡೇ ಘಟ್ಟ ಇಳೀತಿದ್ವಿ. ಗಾಡಿಯೋರು ಕಟ್ಟಿದ ಹಂಗೆ. ಅಷ್ಟು ಜೋಪಾನ ಮಾಡ್ತಿದ್ವಿ."

ಹೆಮ್ಮೆಯಿಂದಲೇ ಹೇಳಿದ. ಕೇಳಿದವನು ಗಾಡಿಯವನಾಗಿದ್ದರೆ ಭೇಷ್ ಎನ್ನುತ್ತಿದ್ದ.

ಅಂದಾನಪ್ಪನ ಮುಖ ಅರಳಿತು. "ಏನಂದೀ? ಇನ್ನೊಮ್ಮೆ ಹೇಳಲೇ. ಲಾರಿ ಹಿಂದ ದಿಮ್ಮಿ ಕಟ್ಟಿ ಎಳಿಸೀರಿ?"

"ಹೌದು ಒಡ್ಯಾ. ಹತ್ತು ಅಡಿ ದಿಮ್ಮಿ."

ಅಂದಾನಪ್ಪ ಕಾಗದದ ಕಟ್ಟು ಬಿಚ್ಚಿದ. ಗ್ಯಾರಂಟಿ ಚೀಟಿಯ ಕೊನೆಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ಹೆಗಡೇರಿಗೆ ಓದಿ ಹೇಳಿದ. ಲಾರಿಗೆ ಹೊರಗಿನ ಯಾವ ವಸ್ತುವನ್ನೂ ಕಟ್ಟಿ ಎಳೆಸಬಾರದು. ಎಳೆಸಿದರೆ ಗ್ಯಾರಂಟಿ ರದ್ದು.

"ತಿಮ್ಮ ಸತ್ತ ಮೇಲೆ ಕಟ್ಟಿದ್ದು ಸಾಬ್!" ಹಯಾತ್ ಸಾಬರು ಕೂಗಿದರು. "ಬ್ರೇಕ್ ಅದಕ್ಕೂ ಮೊದ್ಲೇ ಹೋಗಿತ್ತು. ಒಂದು ಜೊತೆ ನೀವೇ ಬದ್ಲಿ ಮಾಡಿ ಕಳ್ಸಿದ್ರಿ!"

"ಯಾವಾಗ ಕಟ್ಟಿದ್ರಿ ಅನ್ನೂದು ಇಲ್ಲಿ ಕೇಳಿಲ್ಲ. ಕಟ್ಟೀರೋ ಇಲ್ಲೋ ಅಷ್ಟ. ಹಿಂದ ಓಡೋ ಮನಷ್ಯಾನ ಹೇಳ್ಯಾನಲಾ."

ಮಾಸ್ತಿಗೆ ಓದು ಬರುವುದಿಲ್ಲ. ಆದರೆ ಅಂದಾನಪ್ಪನ ಪೆನ್ನು ಕಾಗದದ ಮೇಲೆ ಓಡಿದ್ದು ಕಂಡಿತು. ತಿಮ್ಮ ಸತ್ತಾಗ ಆ ಕಟ್ಟಿನಲ್ಲಿ ಒಂದು ಗೆರೆ ಬರೆದವರಿಲ್ಲ. ಮೂರು ಬೆರಳಿನ ಕೈಯನ್ನು ಒಬ್ಬರೂ ಬರೆದುಕೊಳ್ಳಲಿಲ್ಲ. ದಿಮ್ಮಿಯನ್ನು ಮಾತ್ರ ಆ ಕಾಗದ ಗಬಕ್ಕನೆ ಬಾಯಿಗೆ ಹಾಕಿಕೊಂಡಿತು.

ಹೆಗಡೇರು ಹಯಾತ್ ಸಾಬರ ಮೇಲೆ ಹಾರಾಡಿದರು. ಆಮೇಲೆ ಮಾಸ್ತಿಯ ಕಡೆ ತಿರುಗಿದರು. "ನಿಂಗೆ ಯಾರು ಹೇಳಿದ್ರು ಬಾಯಿ ಹಾಕಲೆ? ಎಂತ ಮಾಡಿಟ್ಟೆ ಗೊತ್ತಿದ್ದಾ? ಇನ್ನು ಮೇಲೆ ದಿಮ್ಮಿ ಗಿಮ್ಮಿ ಎಂತದೂ ಕಟ್ಟೂದು ಬ್ಯಾಡ. ಇಂಜಿನ್ನಿನ ಗ್ಯಾರಂಟಿ ಆದ್ರೂ ಉಳೀಲಿ ಅಂತ ಇವ್ರ ಕೈಕಾಲು ಹಿಡೀತಾ ಇದ್ದೆ. ನಾಳೆ ಅಡಿಕೆ ಕುಮಟೆ ಮುಟ್ಟಬೇಕು, ಹಡಗು ಕಾಯೂದಿಲ್ಲ."

"ಬ್ರೇಕು ಒಡ್ಯಾ?"

"ಬೆಣೆ ಇದ್ದಲ್ಲ. ನೀನಿದ್ಯಲ್ಲ."

ಹೊಸ ಬ್ರೇಕು ಬರಲಿಲ್ಲ. ಇದ್ದ ದಿಮ್ಮಿಯೂ ಹೋಯಿತು. ಮಾಸ್ತಿಯ ಒಂದೇ ಮಾತಿಗೆ ಎರಡೂ ಹೋದವು. ಇನ್ನು ಉಳಿದದ್ದು ಅವನ ಎರಡು ಕಾಲು, ಎಂಟು ಬೆರಳು.

ಹುಲೇಕಲ್ ದಾರಿಯ ಗುಡಿಸಲಿಗೆ ಅವನು ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಗುಡಿಸಲು ನಿಂತ ನೆಲ ಹೆಗಡೇರದು. ಹೆಂಡತಿ ಹೊನ್ನಿ ಒಲೆ ಊದುತ್ತಿದ್ದಳು. ಅವನು ನಡೆದದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ತನ್ನ ಬಾಯಿಗೆ ತಾನೇ ಹೊಡೆದುಕೊಂಡ.

ಹೊನ್ನಿ ಅವನ ಕೈ ಹಿಡಿದಳು. "ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು. ಹೊಡ್ಕಂಡ್ರೆ ವಾಪಸ್ ಬತ್ತದಾ? ನೀ ಸುಳ್ಳು ಹೇಳಿದ್ಯಾ?"

"ಇಲ್ಲೆ."

"ಮತ್ತೆ?" ಎಂದು ಊದುಗೊಳವೆ ಕೆಳಗಿಟ್ಟಳು. "ಅಣ್ಣನ್ನ ಒಂದು ಕಂಬಳೀಲಿ ಕಟ್ಕಂಡು ಬಂದ್ರು. ಮುಖ ನೋಡೂಕೆ ಬಿಡ್ಲಿಲ್ಲ. ನಿನ್ನೂ ಹಂಗೇ ತತ್ರಾ?"

ಮಾಸ್ತಿ ಒಲೆಗೆ ಒಂದು ಕಟ್ಟಿಗೆ ತಳ್ಳಿದ. ಹೋಗದಿದ್ದರೆ ನಾಡಿದ್ದು ಈ ಗುಡಿಸಲಿಲ್ಲ. ಹೋದರೆ ತಾನಿಲ್ಲ. ಇದು ಹೊನ್ನಿಗೂ ಗೊತ್ತಿತ್ತು. ಇಬ್ಬರೂ ಗಂಜಿಯ ಮುಂದೆ ಕೂತರು.

ಮಾರನೇ ಬೆಳಿಗ್ಗೆ ಲಾರಿಗೆ ಭಾರ ಹೇರಿದರು. ಅಂದಾನಪ್ಪನಿಗೂ ಕುಮಟೆಯಲ್ಲಿ ಕೆಲಸವಿತ್ತು. ಆ ದಿನ ಸರ್ವಿಸ್ ಮೋಟಾರು ಕೆಟ್ಟು ನಿಂತಿತ್ತು. "ನಮ್ಮ ಲಾರೀಲೇ ಬನ್ನಿ, ಮುಂದೆ ಕೂರ್ಲಕ್ಕು" ಎಂದು ಹೆಗಡೇರು ಉಪಚಾರ ಮಾಡಿದರು. ಅಂದಾನಪ್ಪ ಬೇಡವೆನ್ನಲು ನೋಡಿದ, ದಾರಿಯಿರಲಿಲ್ಲ. ಹೆಗಡೇರು, ಅಂದಾನಪ್ಪ ಮುಂದೆ ಕೂತರು. ಹಯಾತ್ ಸಾಬರು ಹ್ಯಾಂಡಲ್ಲು ತಿರುಗಿಸಿ ಇಂಜಿನ್ನು ಎಬ್ಬಿಸಿದರು. ರಾತ್ರಿಯೆಲ್ಲ ಅವರೂ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಗಿತ್ತು. ಮಾಸ್ತಿ ಮೂಟೆಗಳ ಮೇಲೆ ಬೆಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ದೇವಿಮನೆಯ ಗುಡಿಯ ಎದುರು ರಸ್ತೆ ಸ್ವಲ್ಪ ಸಪಾಟಾಗಿದೆ. ಅಲ್ಲಿಂದ ಹತ್ತು ಮಾರು ಮುಂದೆ ನೆಲ ಕೆಳಗೆ ಬೀಳುತ್ತದೆ. ಅಲ್ಲಿ ಲಾರಿ ನಿಲ್ಲುವುದು ವಾಡಿಕೆ. ಮಾಸ್ತಿ ಇಳಿದು ಎಡ ಚಕ್ರದ ಮುಂದೆ ಬೆಣೆ ಕೊಡುತ್ತಾನೆ. ಹೆಗಡೇರು ಜೊತೆಗಿದ್ದ ದಿನ ಅವರೂ ಇಳಿಯುತ್ತಾರೆ, ದೇವಿಗೆ ಕಾಯಿ ಒಡೆಸುತ್ತಾರೆ. ಆಮೇಲೆ, "ನೀವು ಮುಂದೆ ಹೋಗಿರಿ, ನಾನು ಪ್ರಸಾದ ತಗಂಡು ಒಳದಾರೀಲಿ ಇಳೀತೆ" ಎನ್ನುತ್ತಾರೆ. ಘಟ್ಟದ ಬುಡದಲ್ಲಿ ಮತ್ತೆ ಹತ್ತುತ್ತಾರೆ. ಇಷ್ಟು ವರ್ಷ ಮಾಸ್ತಿ ಇದನ್ನು ಭಕ್ತಿ ಎಂದೇ ತಿಳಿದಿದ್ದ.

ಅಂದೂ ಹೆಗಡೇರು ಕಾಯಿ ಹಿಡಿದು ಇಳಿದರು. ಮಾಸ್ತಿ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆಣೆಯನ್ನು ಟಯರಿಗೆ ಒತ್ತುತ್ತಿದ್ದ. ಕೂತಲ್ಲಿಂದಲೇ ಅವನಿಗೆ ಇನ್ನೊಂದು ಜೊತೆ ಕಾಲು ಕಂಡಿತು. ಬೂಟುಗಾಲು. ಅದೂ ಕೆಳಗಿಳಿಯಿತು.

"ಹೊಟ್ಟಿ ತೊಳಸಾಕತ್ತೈತ್ರೀ" ಎಂದ ಅಂದಾನಪ್ಪ. "ನಾನೂ ನಿಮ್ಮ ಜೋಡೀನ ಒಳದಾರಿ ಹಿಡದು ನಡಕೋತ ಬರ್ತೀನಿ. ಘಟ್ಟದ ಬುಡಕ ಹತ್ತಿದ್ರಾತು."

ಮಾಸ್ತಿಯ ಕೈ ಬೆಣೆಯ ಮೇಲೆ ನಿಂತಿತು.

ಬ್ರೇಕ್ ಛಲೋ ಅದಾವು ಎಂದು ಬರೆದವನು ಇಳಿದ. ಬೆಣೆ ಇದ್ದಲ್ಲ ಎಂದವರು ಇಳಿದರು. ಗುಡಿಯ ಕಟ್ಟೆಯ ಮೇಲೆ ಗಾಡಿಯವರು ಎಂಟು ಹತ್ತು ಜನ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅವರ ಗಾಡಿಗಳ ಹಿಂದೆ ದಿಮ್ಮಿಗಳು ಬಿದ್ದಿದ್ದವು. ಮಾಸ್ತಿ ಒಮ್ಮೆ ದಿಮ್ಮಿಗಳನ್ನು ನೋಡಿದ. ಒಮ್ಮೆ ಬೂಟು ನೋಡಿದ.

ಕಾಯಿ ಒಡೆದಾಯಿತು. ಹೆಗಡೇರು ಕೈಯಾಡಿಸಿದರು. "ಹ್ಞಾ, ಹೊರಡಿ. ಬೆಣೆ ಎತ್ತಾ."

ಮಾಸ್ತಿ ಎತ್ತಲಿಲ್ಲ. ಬೆಣೆಯ ಮೇಲೆ ಕೂತ. ಬೆನ್ನನ್ನು ಟಯರಿಗೆ ಒರಗಿಸಿದ.

"ಎಂತಾ ಆತಾ?"

"ಎತ್ತೂದಿಲ್ಲ ಒಡ್ಯಾ."

"ಏನಂದೆ?"

"ಬ್ರೇಕು ಛಲೋ ಉಂಟು ಅಂತ ಬರೆದೋರು ಹತ್ತಿ ಕೂತ್ಕಳ್ಲಿ. ಕೂತ್ರೆ ಎತ್ತುತೆ. ಓಡ್ತೆ. ಸತ್ರೂ ಸಾಯ್ತೆ, ಎಲ್ರೂ ಒಟ್ಟಿಗೇ ಸಾಯ್ವ. ಅವ್ರು ಕೂರೂದಿಲ್ಲ ಅಂದ್ರೆ, ಬ್ರೇಕು ಹಾಳಾಗಿದೆ ಅಂತ ಅದೇ ಕಾಗದದಲ್ಲಿ ಬರೀಲಿ."

ಕಟ್ಟೆಯ ಮೇಲಿದ್ದ ಗಾಡಿಯವರು ಇತ್ತ ತಿರುಗಿದರು.

ಅಂದಾನಪ್ಪ ಕೆಂಡವಾದ. "ಏನಲೇ, ನೀ ಯಾಂವಲೇ ನನಗ ಹೇಳಾಕ? ಈ ಕಾಗದದಾಗ ಮಾಲೀಕಂದು ಹೆಸರೈತಿ, ಡ್ರೈವರಂದು ಹೆಸರೈತಿ. ನಿಂದೆಲ್ಲೈತಿ ಹೆಸರು?"

"ನಿನ್ನೆ ನನ್ನ ಮಾತು ಬರ್ಕಂಡ್ಯಲ್ಲ. ಆಗ ಹೆಸರು ಬ್ಯಾಡಾಗಿತ್ತಾ?"

ಏಕವಚನ. ಮಾಸ್ತಿಯ ಬಾಯಲ್ಲಿ ಅಂಥ ಮನುಷ್ಯನಿಗೆ ಏಕವಚನ. ಅವನಿಗೇ ತನ್ನ ದನಿ ಬೇರೆಯವರದು ಅನ್ನಿಸಿತು.

ಹೆಗಡೇರು ಹತ್ತಿರ ಬಂದರು. ಮುಟ್ಟುವಷ್ಟು ಹತ್ತಿರವಲ್ಲ. "ಬಡವನ ಕೋಪ ದವಡೆಗೆ ಮೂಲ ಮಾಸ್ತಿ. ನಾಳೆ ಗುಡಿಸಲು ಕೀಳಿಸ್ತೆ. ಹೆಂಡ್ತಿ ಕರ್ಕಂಡು ಎಲ್ಲಿ ಹೋಗ್ತೆ ನೀನು?"

"ಗೊತ್ತಿಲ್ಲ ಒಡ್ಯಾ."

ಅದು ಸತ್ಯ. ಗೊತ್ತಿರಲಿಲ್ಲ. ಹೇಳುವಾಗ ಅವನಿಗೆ ಅಳು ಬಂತು. ಅಳುತ್ತಲೇ ಕೂತಿದ್ದ, ಏಳಲಿಲ್ಲ.

ಹೆಗಡೇರು ಡ್ರೈವರ್ ಕಡೆ ತಿರುಗಿದರು. "ಹಯಾತ್, ನೀ ಹಿಂದಕ್ಕೆ ತಗಿ. ಬೆಣೆ ತಾನಾಗೇ ಬಿಡ್ತದೆ."

ಹಯಾತ್ ಸಾಬರು ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಎದುರಿನ ಇಳಿಜಾರು ನೋಡುತ್ತಿದ್ದರು. ಅವರಿಗೆ ಮನೆಯಲ್ಲಿ ಖತೀಜಾ, ಮೂವರು ಹೆಣ್ಣುಮಕ್ಕಳು, ಮುಂದಿನ ತಿಂಗಳು ದೊಡ್ಡವಳ ನಿಕಾ. ಬಹಳ ಹೊತ್ತು ನೋಡಿದರು. ಆಮೇಲೆ ಇಂಜಿನ್ನು ಬಂದ್ ಮಾಡಿದರು. ಘಟ್ಟದ ತಲೆಯ ಮೇಲೆ ಒಮ್ಮೆಲೇ ಹಕ್ಕಿಗಳ ಸದ್ದು ಕೇಳಿಸಿತು. ಹಯಾತ್ ಸಾಬರು ಹ್ಯಾಂಡಲ್ಲು ಹಿಡಿದು ಇಳಿದು ಬಂದು ಅದನ್ನು ಅಂದಾನಪ್ಪನ ಮುಂದೆ ಚಾಚಿದರು.

"ತಗೊಳ್ಳಿ ಸಾಬ್. ಪೇಟೇಲಿ ಚೆನ್ನಾಗಿ ಓಡಿಸಿದ್ರಿ. ಇಲ್ಲೂ ಓಡಿಸಿ. ನನ್ನ ಕಾಲಿನ ತಪ್ಪಲ್ವಾ? ನಿಮ್ಮ ಕಾಲು ಇಟ್ಟು ನೋಡಿ."

ಅಂದಾನಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಎಲ್ಲರೂ ನೋಡಿದರು. ಅಷ್ಟೂ ದಿನ ಸಣ್ಣ ಅಕ್ಷರದಲ್ಲಿ ಅಡಗಿದ್ದ ಸತ್ಯ ಆ ಒಂದು ಹೆಜ್ಜೆಯಲ್ಲಿ ಬಯಲಿಗೆ ಬಂತು. ಆದರೂ ಅವನು ಬರೆಯಲಿಲ್ಲ. ಕಾಗದದ ಕಟ್ಟನ್ನು ಎದೆಗೆ ಒತ್ತಿ ಹಿಡಿದುಕೊಂಡ.

ಹೆಗಡೇರು ಕಟ್ಟೆಯ ಕಡೆ ಕೂಗಿದರು. "ಯಾರಾದ್ರೂ ಬೆಣೆ ಹಿಡೀತ್ರೇನೋ? ಎರಡು ಪಟ್ಟು ಕೂಲಿ ಕೊಡ್ತೆ. ವರ್ಷಪೂರ್ತಿ ಕೆಲಸ."

ಗಾಡಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಕೆರಿಯಪ್ಪ ಎನ್ನುವವನು ನಿಧಾನ ಎದ್ದ. ಅವನ ಒಂದು ಎತ್ತು ಹೋದ ವಾರ ಸತ್ತಿತ್ತು. ಒಂಟಿ ಎತ್ತಿನಿಂದ ಗಾಡಿ ನಡೆಯುವುದಿಲ್ಲ. ಅವನ ಹಸಿವು ಮಾಸ್ತಿಗೆ ಗೊತ್ತಿತ್ತು. ಹಸಿವಿನ ಮೇಲೆ ಸಿಟ್ಟು ಮಾಡಲು ಬರುವುದಿಲ್ಲ.

"ಬಾ ಕೆರಿಯಪ್ಪಣ್ಣ" ಎಂದ ಮಾಸ್ತಿ. ಬೆಣೆಯ ಮೇಲಿಂದ ಎದ್ದ. ಬಗ್ಗಿ ಟಯರಿನ ಅಡಿಯಿಂದ ಅದನ್ನು ಕಿತ್ತ. ಸಪಾಟು ನೆಲ, ಲಾರಿ ಅಲ್ಲಾಡಲಿಲ್ಲ. "ಹಿಡಿಯೂಕೆ ಮುಂಚೆ ನೋಡು."

ಬೆಣೆಯ ಎರಡೂ ಬದಿಗೆ ಹಗ್ಗದ ಕೆಳಗೆ ಬೊಟ್ಟಿನ ಅಗಲದ ತಗ್ಗುಗಳಿದ್ದವು. ಸವೆದು ನುಣುಪಾದ ತಗ್ಗು, ಒಂದು ಬದಿಗೆ ಐದು, ಇನ್ನೊಂದು ಬದಿಗೆ ಐದು.

"ಇದು ತಿಮ್ಮನ ಬೆಣೆ. ನನ್ನದು ಅವತ್ತೇ ಕಂದರಕ್ಕೆ ಹೋತು. ಅವ ಹಿಡಿದೂ ಹಿಡಿದೂ ಬಿದ್ದ ಬೊಟ್ಟಿನ ಗುರ್ತು ಇದು. ನನ್ನ ಕೈಗೆ ಸರಿ ಕೂರೂದಿಲ್ಲ, ನಂಗೆ ಎರಡು ಬೊಟ್ಟು ಕಮ್ಮಿ. ನಿನ್ನ ಕೈ ಇಟ್ಟು ನೋಡು. ಸರಿ ಕೂತ್ರೆ ನೀನೇ ತಗ."

ಕೆರಿಯಪ್ಪ ಕೈ ಮುಂದೆ ಮಾಡಿದ. ತಗ್ಗಿಗೆ ಬೆರಳು ತಾಗಿತು. ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ತಲೆ ತಗ್ಗಿಸಿ ಹೋಗಿ ಕಟ್ಟೆಯ ಮೇಲೆ ಕೂತ.

ಮಾಸ್ತಿ ಬೆಣೆಯನ್ನು ತಲೆಯ ಮೇಲೆ ಎತ್ತಿದ. ಮುಕ್ಕಾಲು ಮಣ. ರಸ್ತೆಯ ಅಂಚಿಗೆ ಹೋಗಿ ಕಂದರಕ್ಕೆ ಎಸೆದ. ಅದು ಮರಗಳಿಗೆ ಬಡಿಯುತ್ತ, ಬಂಡೆಗೆ ಬಡಿಯುತ್ತ, ಬಹಳ ಹೊತ್ತು ಕೆಳಗೆ ಹೋಯಿತು.

"ಈಗ ಬೆಣೆ ಇಲ್ಲ ಒಡ್ಯಾ. ನಾನೂ ಇಲ್ಲ. ಬ್ರೇಕು ಉಂಟಲ್ಲ, ಹೋಗಿ."

ಯಾರೂ ಲಾರಿ ಹತ್ತಲಿಲ್ಲ.

ಮಾಸ್ತಿ ಅಲ್ಲಿ ನಿಲ್ಲಲಿಲ್ಲ. ಶಿರಸಿಯ ಕಡೆ ಹೋಗಲು ಕಾಲು ಬರಲಿಲ್ಲ. ಹೊನ್ನಿಗೆ ಏನು ಹೇಳುವುದು? ಕಾಲು ರೂಢಿಯ ದಾರಿ ಹಿಡಿಯಿತು. ಘಟ್ಟ ಇಳಿಯತೊಡಗಿದ. ಸ್ವಲ್ಪ ದೂರ ಹೋದ ಮೇಲೆ ತಾನು ರಸ್ತೆಯ ಎಡ ಅಂಚಿನಲ್ಲೇ, ಬಲಗಡೆ ಲಾರಿಗೆ ಜಾಗ ಬಿಟ್ಟು ನಡೆಯುತ್ತಿದ್ದೇನೆ ಎಂದು ಗೊತ್ತಾಯಿತು. ನಡು ರಸ್ತೆಗೆ ಬಂದ. ಈ ಇಳಿಜಾರಿನಲ್ಲಿ ಸಾವಿರ ಸಲ ಓಡಿದ್ದ, ಒಂದು ಸಲವೂ ನಡೆದಿರಲಿಲ್ಲ. ಬಂಡೆಯ ಸಂದಿಯಲ್ಲಿ ನೀರು ಜಿನುಗುವ ಒಂದು ಒರತೆ ಇತ್ತು. ಇಷ್ಟು ವರ್ಷ ಬಾಯಾರಿ ಅದರ ಪಕ್ಕದಲ್ಲೇ ಓಡಿ ಹೋಗಿದ್ದ. ಬೊಗಸೆ ಒಡ್ಡಿ ಕುಡಿದ.

ಬಸರಿಮರದ ತಿರುವಿನಲ್ಲಿ ಕೂತ. ತಿಮ್ಮ ಕೂತ ಜಾಗದಲ್ಲಿ. ಕಿವಿಯನ್ನು ಮೇಲಕ್ಕೆ ಇಟ್ಟುಕೊಂಡು ಕೂತ. ಇಂಜಿನ್ನಿನ ಸದ್ದು ಬಂದರೆ ಯಾರೋ ಒಬ್ಬ ಸಿಕ್ಕಿದ ಎಂದೇ ಅರ್ಥ. ಹೆಗಡೇರಿಗೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಕಾಡಿನಲ್ಲಿ ಮರಕ್ಕೆ ಬರವಿಲ್ಲ, ಕೇರಿಗಳಲ್ಲಿ ಹಸಿದವರಿಗೆ ಬರವಿಲ್ಲ. ಇನ್ನೊಂದು ಬೆಣೆ ಕೆತ್ತಲು ಎಷ್ಟು ಹೊತ್ತು? ಹಾಗಾದರೆ ತಾನು ಗುಡಿಸಲು ಕಳೆದುಕೊಂಡದ್ದು ಬರೀ ಅರ್ಧ ದಿನ ಲಾರಿ ನಿಲ್ಲಿಸಲಿಕ್ಕೆ. ಹಾಗೆಂದುಕೊಂಡಾಗ ಎದೆ ಒಡೆಯುವಷ್ಟು ದುಃಖವಾಯಿತು. ತಿಮ್ಮಾ, ಎಂದು ಒಮ್ಮೆ ಗಟ್ಟಿಯಾಗಿ ಕರೆದ.

ಮಧ್ಯಾಹ್ನ ಕಳೆಯಿತು. ಬಿಸಿಲು ಬಸರಿಮರದ ಆಚೆಗೆ ಇಳಿಯಿತು. ಆಮೇಲೆ ಮೇಲಿನಿಂದ ಸದ್ದು ಬಂತು.

ಮಾಸ್ತಿ ಎದ್ದು ನಿಂತ. ಉಸಿರು ಹಿಡಿದು ಕೇಳಿದ. ಇಂಜಿನ್ನಲ್ಲ. ಕೊರಳ ಗಂಟೆ. ಗಂಟೆಯ ಹಿಂದೆ ನೆಲಕ್ಕೆ ಮರ ಉಜ್ಜುವ ಗರಗರ.

ಎಂಟು ಗಾಡಿ ಸಾಲಾಗಿ ಇಳಿದು ಬಂದವು. ಗಾಡಿಯ ಮೇಲೆ ಹೆಗಡೇರ ಗುರುತಿನ ಅಡಿಕೆ ಮೂಟೆಗಳು. ಒಂದೊಂದು ಗಾಡಿಯ ಹಿಂದೆಯೂ ಒಂದೊಂದು ದಿಮ್ಮಿ, ದೂಳೆಬ್ಬಿಸಿಕೊಂಡು, ಸಾವಕಾಶವಾಗಿ. ಗಾಡಿಯ ಪಕ್ಕ ಯಾರೂ ಓಡುತ್ತಿರಲಿಲ್ಲ. ಕೊನೆಯ ಗಾಡಿಯ ಮುಂದುಗಡೆ, ಮೂಕಿಮರದ ಮೇಲೆ ಆಳಾಗಿ ಕೆರಿಯಪ್ಪ ಕೂತಿದ್ದ. ಮಾಸ್ತಿಯನ್ನು ಕಂಡು ಎತ್ತು ನಿಲ್ಲಿಸಿದ.

"ಲಾರಿ?" ಎಂದ ಮಾಸ್ತಿ.

"ಅಲ್ಲೇ ನಿಂತದೆ. ಸಾಬ್ರು ಹ್ಯಾಂಡಲ್ ಮಡ್ಲಲ್ಲಿ ಇಟ್ಕಂಡು ಮೆಟ್ಲ ಮೇಲೆ ಕೂತವ್ರೆ, ಯಾರಿಗೂ ಕೊಡ್ತಿಲ್ಲ. ಹುಬ್ಬಳ್ಳಿಯವ ಸಾಲ್ಕಣಿ ಕಡೆ ನಡ್ಕಂಡು ಹೋದ."

"ಮತ್ತೆ… ಬೆಣೆ ಯಾರಾದ್ರೂ ಹಿಡಿದ್ರಾ?"

"ಹೆಗಡೇರು ಊರೂರಿಗೆ ಜನ ಕಳ್ಸಿ ಕರೆಸಿದ್ರು. ಹನ್ನೊಂದು ಜನ ಬಂದ್ರು. ಎಲ್ರಿಗೂ ಆ ಬೊಟ್ಟಿನ ಗುರ್ತಿನ ಸುದ್ದಿ ಹೇಳ್ದೆ." ಕೆರಿಯಪ್ಪ ಬಾರುಕೋಲಿನಿಂದ ದೂಳು ಕೆದಕಿದ. "ಇಲ್ಲ. ಯಾರೂ ಹಿಡೀಲಿಲ್ಲ."

ಮಾಸ್ತಿ ರಸ್ತೆಯಲ್ಲೇ ಕುಸಿದು ಕೂತು ಅತ್ತ. ನಾಳೆ ಗುಡಿಸಲು ಕೀಳುವುದು ನಿಜ. ನಾಳಿದ್ದು ಹೊನ್ನಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದೋ ಅವನಿಗೆ ಇನ್ನೂ ಗೊತ್ತಿರಲಿಲ್ಲ. ಕೆರಿಯಪ್ಪ ಸ್ವಲ್ಪ ಸರಿದು ಮೂಕಿಯ ಮೇಲೆ ತನ್ನ ಪಕ್ಕದಲ್ಲಿ ಜಾಗ ಮಾಡಿದ. "ಹತ್ತಾ. ಮುಂದೇ ಕೂತ್ಕ" ಎಂದ.